ಮುದ್ದೆ ಉಂಡರೂ ಸುಸ್ತೇಕೆ? ದುಡಿಯುವ ಮೈಗೆ ಬೇಕಾದ ವಿಟಮಿನ್‌ಗಳ ಲೆಕ್ಕ

ಸುಸ್ತು ಎಂದು ಮೆಡಿಕಲ್ ಸ್ಟೋರಿನ ಮುಂದೆ ನಿಂತರೆ ಕೈಗೆ ಬರುವುದು ಹೆಚ್ಚುಕಡಿಮೆ ಒಂದೇ: ಮಲ್ಟಿವಿಟಮಿನ್ ಮಾತ್ರೆ, ಇಲ್ಲವೇ ಬಿ ಕಾಂಪ್ಲೆಕ್ಸ್ ಕ್ಯಾಪ್ಸೂಲು. ತುಮಕೂರಿನ ಕ್ರೀಡಾಂಗಣದಲ್ಲಿ ಪೊಲೀಸ್ ನೇಮಕಾತಿಗೆಂದು 1600 ಮೀಟರ್ ಓಡುವ ಹುಡುಗನಿಗೂ ಅದೇ, ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಕ್ರೇಟು ಹೊರುವ ಹಮಾಲಿಗೂ ಅದೇ, ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರುವ ಹೆಣ್ಣುಮಗಳಿಗೂ ಅದೇ. ಇವರಲ್ಲಿ ಒಬ್ಬರಿಗೆ ಬೇಕಿರುವುದು ಹಾಲು, ಇನ್ನೊಬ್ಬರಿಗೆ ಬಿಸಿಲು, ಮತ್ತೊಬ್ಬರಿಗೆ ಕಬ್ಬಿಣ ಇರಬಹುದು. ಯಾವುದು ಕಮ್ಮಿ ಎಂದು ನೋಡದೆ ಎಲ್ಲವನ್ನೂ ಚೂರುಚೂರು ಬೆರೆಸಿ ಕೊಟ್ಟ ಮಾತ್ರೆಯಿಂದ ನಿಜವಾದ ಕೊರತೆ ತುಂಬುವುದು ಕಷ್ಟ.

ವಿಟಮಿನ್‌ನಲ್ಲಿ ಶಕ್ತಿ ಇಲ್ಲ. ಶಕ್ತಿ ಇರುವುದು ಮುದ್ದೆ, ಅನ್ನ, ಕಾಳು, ಎಣ್ಣೆಯಲ್ಲಿ. ಅದನ್ನು ಉರಿಸಿ ಸ್ನಾಯುವಿಗೆ ಒದಗಿಸುವ ಕೆಲಸಕ್ಕೆ ವಿಟಮಿನ್ ಬೇಕು. ಸೌದೆ ಒಲೆಯ ಪಕ್ಕ ಊದುಗೊಳವೆ ಇದ್ದ ಹಾಗೆ: ಅದಿಲ್ಲದಿದ್ದರೆ ಸೌದೆ ಹೊಗೆಯಾಡುತ್ತದೆ, ಸೌದೆಯೇ ಇಲ್ಲದಿದ್ದರೆ ಹತ್ತು ಊದುಗೊಳವೆ ಇಟ್ಟುಕೊಂಡರೂ ಉರಿ ಏಳುವುದಿಲ್ಲ. ಬೆಳಿಗ್ಗೆ ಏನೂ ತಿನ್ನದೆ ಓಡಿ, ಹತ್ತು ಗಂಟೆಗೆ ಎರಡು ಇಡ್ಲಿ ತಿಂದು, ಸುಸ್ತಿಗೆ ಮಾತ್ರೆ ನುಂಗುವವರಿಗೆ ಕಮ್ಮಿಯಾಗಿರುವುದು ಬಹಳ ಸಲ ಸೌದೆಯೇ.

ಬೆವರಿನಲ್ಲಿ ವಿಟಮಿನ್ ಹರಿದುಹೋಗುತ್ತದೆ ಎಂಬ ಮಾತು ಜಿಮ್‌ಗಳಲ್ಲಿ ಬಲವಾಗಿ ಬೇರೂರಿದೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ನೀರು ಮತ್ತು ಉಪ್ಪು. ವಿಟಮಿನ್ ಹೋಗುವ ಪ್ರಮಾಣ ಲೆಕ್ಕಕ್ಕೆ ಬರುವಷ್ಟಿಲ್ಲ. ದುಡಿಯುವವರ ಬೇಡಿಕೆ ಏರುವುದಕ್ಕೆ ಕಾರಣ ಬೇರೆ: ಹೆಚ್ಚು ಆಹಾರ ಉರಿಸುವ ಮೈಗೆ ಉರಿಸಲು ನೆರವಾಗುವ ವಿಟಮಿನ್ ಕೂಡ ಅದೇ ಅನುಪಾತದಲ್ಲಿ ಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೊರತಂದ ಪಟ್ಟಿಯಲ್ಲಿ ಇದು ಎದ್ದು ಕಾಣುತ್ತದೆ. 65 ಕಿಲೊ ತೂಕದ ಗಂಡಸು ಕುಳಿತು ಮಾಡುವ ಕೆಲಸದಲ್ಲಿದ್ದರೆ ದಿನಕ್ಕೆ 2110 ಕಿಲೊ ಕ್ಯಾಲೊರಿ ಸಾಕು, ಮಧ್ಯಮ ಶ್ರಮಕ್ಕೆ 2710, ಭಾರಿ ಶ್ರಮಕ್ಕೆ 3470. ಇದರ ಜೊತೆಜೊತೆಗೇ ಬಿ1 ಅಂದರೆ ಥಯಾಮಿನ್ 1.4ರಿಂದ 1.8, ಆಮೇಲೆ 2.3 ಮಿ.ಗ್ರಾಂಗೆ ಏರುತ್ತದೆ. ಬಿ2 ಅಂದರೆ ರೈಬೊಫ್ಲಾವಿನ್ 2.0, 2.5, 3.2 ಆಗುತ್ತದೆ. ಬಿ3 ಅಂದರೆ ನಯಾಸಿನ್ 14, 18, 23 ಮಿ.ಗ್ರಾಂ. ಬಿ6 ಕೂಡ ಇದೇ ದಾರಿ ಹಿಡಿಯುತ್ತದೆ. ಆದರೆ ವಿಟಮಿನ್ ಸಿ ಗಂಡಸರಿಗೆ 80, ಹೆಂಗಸರಿಗೆ 65 ಮಿ.ಗ್ರಾಂ, ಮೇಜಿನ ಮುಂದೆ ಕೂತರೂ ಅಷ್ಟೇ, ಮೂಟೆ ಹೊತ್ತರೂ ಅಷ್ಟೇ. ವಿಟಮಿನ್ ಡಿ 600 ಐಯು (ಅಂತರರಾಷ್ಟ್ರೀಯ ಏಕಮಾನ), ಬಿ12 ಎರಡರಿಂದ ಎರಡೂವರೆ ಮೈಕ್ರೋಗ್ರಾಂ, ಇವೂ ಶ್ರಮಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಹಾಗಾಗಿ ಪ್ರಶ್ನೆ ಎರಡು. ಶ್ರಮದ ಜೊತೆ ಏರುವ ಬಿ ಗುಂಪು ನಮ್ಮ ಊಟದಲ್ಲಿ ತಾನಾಗಿ ಏರುತ್ತದೆಯೇ? ಏರದೆ ನಿಂತಿರುವ ಡಿ ಮತ್ತು ಬಿ12 ಮೊದಲಿಂದಲೂ ಸಾಕಷ್ಟಿವೆಯೇ?

ರಾಗಿ ಎಷ್ಟು ಕೊಡುತ್ತದೆ, ಅಕ್ಕಿ ಎಷ್ಟು ಕಳೆಯುತ್ತದೆ

ಬಿ1ರ ಮಟ್ಟಿಗೆ ರಾಗಿ ತಿನ್ನುವ ಮನೆಗಳಿಗೆ ಧೈರ್ಯ ಹೇಳಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 0.37 ಮಿ.ಗ್ರಾಂ ಥಯಾಮಿನ್ ಇದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಇರುವುದು 0.05ರ ಆಸುಪಾಸು. ಹದವಾದ ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಹಿಡಿದರೆ, ದಿನಕ್ಕೆ ಆರು ಮುದ್ದೆ ಉಣ್ಣುವ ಗಟ್ಟಿ ಆಳಿಗೆ ಹಿಟ್ಟಿನಿಂದಲೇ 2.2 ಮಿ.ಗ್ರಾಂ. ಬೇಯುವಾಗ ಒಂದಷ್ಟು ನಷ್ಟವಾದರೂ ಕಾಳು, ಸೊಪ್ಪಿನಿಂದ ಬರುವುದು ಸೇರಿದರೆ ಭಾರಿ ಶ್ರಮದ ಲೆಕ್ಕ ಹತ್ತಿರ ಹತ್ತಿರ ಸರಿಹೋಗುತ್ತದೆ. ಅದೇ ಆಳು 600 ಗ್ರಾಂ ಬಿಳಿ ಅಕ್ಕಿಯ ಅನ್ನಕ್ಕೆ ಹೊರಳಿದರೆ ಹೊಟ್ಟೆ ಅಷ್ಟೇ ತುಂಬುತ್ತದೆ, ಕ್ಯಾಲೊರಿ ಸ್ವಲ್ಪ ಹೆಚ್ಚೇ ಬರುತ್ತದೆ, ಥಯಾಮಿನ್ ಮಾತ್ರ 0.3ಕ್ಕೆ ಕುಸಿಯುತ್ತದೆ. ಸಕ್ಕರೆ ನೀರು, ಬ್ರೆಡ್ಡು, ಬಿಸ್ಕತ್ತು ಸೇರಿದಂತೆ ಹಿಟ್ಟಿನಂಶ ಹೆಚ್ಚಾದಷ್ಟೂ ಬಿ1ರ ಬೇಡಿಕೆ ಏರುವುದರಿಂದ ಈ ಅಂತರ ಇನ್ನೂ ಹಿಗ್ಗುತ್ತದೆ. ಗ್ಲೂಕೋಸು ಒಡೆದು ಪೈರುವೇಟ್ ಆದಮೇಲೆ ಮುಂದಿನ ಹಂತಕ್ಕೆ ದಾಟಿಸುವ ಕಿಣ್ವಕ್ಕೆ ಬಿ1 ಬೇಕೇ ಬೇಕು. ಅದು ತೀರಾ ಕಮ್ಮಿಯಾದಾಗ ಪೈರುವೇಟ್ ಲ್ಯಾಕ್ಟೇಟ್ ಕಡೆಗೆ ಹೊರಳುತ್ತದೆ, ಏರು ಹತ್ತುವಾಗ ಬೇಗ ಕಾಲು ಕಟ್ಟುತ್ತದೆ. ಮೈನೋವಿಗೆಂದು ಸಂಜೆ ಸಾರಾಯಿ ಕುಡಿಯುವವರಿಗೆ ಕರುಳು ಥಯಾಮಿನ್ ಹೀರುವುದೇ ಕುಗ್ಗುತ್ತದೆ. ಅವರ ಕಾಲಿನ ಉರಿ, ಜೋಮನ್ನು ಬರೀ ಕೆಲಸದ ದಣಿವೆಂದು ತಳ್ಳಿಹಾಕಬಾರದು.

ನಯಾಸಿನ್‌ಗೆ ನಮ್ಮ ಕಡೆಯ ದೊಡ್ಡ ಆಸರೆ ಕಡಲೆಕಾಯಿ. ಪಾವಗಡ, ಶಿರಾ, ಚಿಂತಾಮಣಿ ಸೀಮೆಯಲ್ಲಿ ಇದು ಕೈಗೆಟುಕುವ ಪದಾರ್ಥ. ಒಂದು ಹಿಡಿ, ಅಂದರೆ 30 ಗ್ರಾಂ ಬೀಜಕ್ಕೆ ಮೂರೂವರೆ ಮಿ.ಗ್ರಾಂ ಆಸುಪಾಸು ಸಿಗುತ್ತದೆ, ಜೊತೆಗೆ ವಿಟಮಿನ್ ಇ.

ಬಸ್ಸಾರು ಯಾಕೆ ಗೆಲ್ಲುತ್ತದೆ

ಬಿ ಗುಂಪಿನವೂ ವಿಟಮಿನ್ ಸಿ ಕೂಡ ನೀರಿನಲ್ಲಿ ಕರಗುತ್ತವೆ. ಅಂದರೆ ಬೇಯಿಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದೇ ಅಡುಗೆಮನೆಯ ಮುಖ್ಯ ಪ್ರಶ್ನೆ. ಅನ್ನ ಬಸಿದು ಗಂಜಿ ಚೆಲ್ಲುವ ಮನೆಯಲ್ಲಿ ಅಕ್ಕಿಯಲ್ಲಿ ಉಳಿದಿದ್ದ ಚೂರೂ ಬಚ್ಚಲಿಗೆ ಹೋಗುತ್ತದೆ. ಮುದ್ದೆಯಲ್ಲಿ ಬಸಿಯುವ ಮಾತೇ ಇಲ್ಲ, ಎಸರಿನಲ್ಲಿ ಬಿದ್ದದ್ದೆಲ್ಲ ತಟ್ಟೆಗೆ ಬರುತ್ತದೆ. ಬಸ್ಸಾರು ಇನ್ನೂ ಚೊಕ್ಕ ಉಪಾಯ. ದಂಟಿನ ಸೊಪ್ಪೋ ಕೀರೆ ಸೊಪ್ಪೋ ತೊಗರಿಬೇಳೆಯ ಜೊತೆ, ಇಲ್ಲವೇ ಅಲಸಂದೆ, ಹುರುಳಿಯ ಜೊತೆ ಬೆಂದಾಗ ಫೋಲೇಟ್ (ಬಿ9), ಬಿ2, ಸಿ ಎಲ್ಲ ಒಂದಷ್ಟು ಕಟ್ಟಿಗೆ ಇಳಿಯುತ್ತವೆ. ಆ ಕಟ್ಟೇ ಸಾರಾಗುತ್ತದೆ, ಬಸಿದ ಸೊಪ್ಪುಕಾಳು ಪಲ್ಯವಾಗುತ್ತದೆ. ಏನೂ ಆಚೆ ಹೋಗಲಿಲ್ಲ. ಪಲ್ಯದ ಒಗ್ಗರಣೆಗೆ ಬಿದ್ದ ಚಮಚ ಎಣ್ಣೆ ಸೊಪ್ಪಿನ ಕ್ಯಾರೊಟಿನ್ ಮೈಗೆ ಸೇರುವಂತೆ ಮಾಡುತ್ತದೆ. ಆ ಕ್ಯಾರೊಟಿನ್ನೇ ಒಳಗೆ ವಿಟಮಿನ್ ಎ ಆಗುವುದು. ಕ್ರೀಡಾಪಟುವಿನ ಊಟ ಎಂದು ದುಬಾರಿ ಪಟ್ಟಿ ಬರೆದುಕೊಡುವವರು ಈ ಒಂದು ಅಡುಗೆಯನ್ನು ಗಂಭೀರವಾಗಿ ನೋಡಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ತಪ್ಪುವುದು ಕೆಲವು ಕಡೆ. ಸೊಪ್ಪನ್ನು ಹೆಚ್ಚಿ ಆಮೇಲೆ ತೊಳೆದರೆ ಕತ್ತರಿಸಿದ ಅಂಚುಗಳಿಂದ ಸತ್ವ ನೀರಿಗೆ ಹೋಗುತ್ತದೆ. ಇಡೀ ಎಲೆಯನ್ನು ಮೂರು ನೀರಿನಲ್ಲಿ ತೊಳೆದು, ನೀರು ಕುದಿ ಬಂದಮೇಲೆ ಹೆಚ್ಚಿ ಹಾಕಬೇಕು. ಕಾಳನ್ನು ಮುಕ್ಕಾಲು ಬೇಯಿಸಿಕೊಂಡು ಆಮೇಲೆ ಸೊಪ್ಪು ಹಾಕಿದರೆ ಸೊಪ್ಪಿಗೆ ಏಳೆಂಟು ನಿಮಿಷ ಸಾಕು. ಎರಡನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ಐದು ಕೂಗು ಹಾಕಿಸಿದರೆ ವಿಟಮಿನ್ ಸಿ ಬಹುಪಾಲು ಮುಗಿದಂತೆ. ಕಾಳು ಬೇಗ ಬೇಯಲೆಂದು, ಸೊಪ್ಪಿನ ಹಸಿರು ಉಳಿಯಲೆಂದು ಚಿಟಿಕೆ ಅಡುಗೆ ಸೋಡಾ ಹಾಕುವ ಅಭ್ಯಾಸ ಹಾಸ್ಟೆಲು, ಹೋಟೆಲುಗಳಲ್ಲಿ ಇದೆ. ಸೋಡಾದ ಕ್ಷಾರದಲ್ಲಿ ಥಯಾಮಿನ್ ಒಡೆದುಹೋಗುತ್ತದೆ. ಸೋಡಾ ಬಿಟ್ಟು ಕಾಳನ್ನು ಎಂಟು ಗಂಟೆ ನೆನೆಸಿದರೆ ಕೆಲಸ ಆಗುತ್ತದೆ, ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು: ಒಣಗಿದ ಹೆಸರುಕಾಳಿನಲ್ಲಿ ಇಲ್ಲದ ವಿಟಮಿನ್ ಸಿ ಮೊಳಕೆಯಲ್ಲಿ ಹುಟ್ಟುತ್ತದೆ, ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕುಗ್ಗುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡುವುದರಲ್ಲೂ, ಅಂಬಲಿಯನ್ನು ಒಂದು ರಾತ್ರಿ ಹುಳಿ ಬರಿಸುವುದರಲ್ಲೂ ಇದೇ ಲಾಭ. ಕೊನೆಯದಾಗಿ ನಿಂಬೆ. ಅದನ್ನು ಕುದಿಯುವ ಸಾರಿಗೆ ಹಿಂಡಬಾರದು. ಉಪ್ಸಾರಿನ ಖಾರಕ್ಕೆ ಹಿಂಡುವ ಹಾಗೆ ತಟ್ಟೆಗೆ ಬಂದಮೇಲೆ ಹಿಂಡಬೇಕು.

ತುಂಬದ ಮೊದಲ ತೂತು: ಬಿ2

ರಾಗಿ ಥಯಾಮಿನ್‌ನಲ್ಲಿ ಕೈಹಿಡಿದಷ್ಟು ರೈಬೊಫ್ಲಾವಿನ್‌ನಲ್ಲಿ ಕೈಹಿಡಿಯುವುದಿಲ್ಲ, 100 ಗ್ರಾಂಗೆ 0.17 ಮಿ.ಗ್ರಾಂ ಅಷ್ಟೇ. ಭಾರಿ ಶ್ರಮದವನಿಗೆ ಬೇಕಾದ 3.2 ಮಿ.ಗ್ರಾಂ ಕೂಡಿಸಿ ನೋಡಿ. ಅರ್ಧ ಕಿಲೊ ರಾಗಿಯಿಂದ 0.85, ಅರ್ಧ ಲೀಟರ್ ಹಾಲಿನಿಂದ 0.8, ಎರಡು ಮೊಟ್ಟೆಯಿಂದ 0.4 ಚಿಲ್ಲರೆ, 100 ಗ್ರಾಂ ನುಗ್ಗೆಸೊಪ್ಪಿನಿಂದ 0.4, 100 ಗ್ರಾಂ ಕಾಳಿನಿಂದ 0.2. ಇಷ್ಟೆಲ್ಲ ತಿಂದೂ 2.7ರ ಹತ್ತಿರ. ಹಾಲು, ಮೊಟ್ಟೆ ಎರಡನ್ನೂ ತೆಗೆದರೆ ಒಂದೂವರೆಗೆ ಇಳಿಯುತ್ತದೆ, ಬೇಕಾದದ್ದರ ಅರ್ಧಕ್ಕಿಂತ ಕಮ್ಮಿ.

ಕೋಲಾರ, ಚಿಕ್ಕಬಳ್ಳಾಪುರ ಹೈನಿಗೆ ಹೆಸರಾದ ಜಿಲ್ಲೆಗಳು. ಎರಡು ಹಸು ಕಟ್ಟಿದ ಮನೆಯಲ್ಲೂ ಬೆಳಿಗ್ಗೆ ಸಂಜೆ ಕರೆದ ಹಾಲು ನೇರ ಡೇರಿಗೆ ಹೋಗಿ, ಮನೆಯವರಿಗೆ ಉಳಿಯುವುದು ಕಾಫಿಗೆ ಆಗುವಷ್ಟು ಎಂದಾದರೆ ಈ ತೂತು ತುಂಬುವುದಿಲ್ಲ. ಮನೆಯಲ್ಲಿ ಮೈಮುರಿದು ದುಡಿಯುವ ಪ್ರತಿಯೊಬ್ಬರ ಹೆಸರಿನಲ್ಲಿ ಅರ್ಧ ಲೀಟರ್ ಎತ್ತಿಟ್ಟು, ಉಳಿದದ್ದನ್ನು ಡೇರಿಗೆ ಹಾಕುವುದು ಸರಿಯಾದ ಕ್ರಮ. ಹಾಲಾಗಿಯೇ ಕುಡಿಯಬೇಕೆಂದಿಲ್ಲ, ಮೊಸರೂ ಆದೀತು. ನೀರು ಮಜ್ಜಿಗೆಯಾದರೆ ಎಷ್ಟು ನೀರು ಸೇರಿಸಿದೆವೋ ಅಷ್ಟು ಸತ್ವ ತೆಳುವಾಗುತ್ತದೆ. ಇನ್ನೊಂದು ಸಣ್ಣ ವಿಷಯ: ರೈಬೊಫ್ಲಾವಿನ್‌ಗೆ ಬೆಳಕು ಆಗುವುದಿಲ್ಲ. ಗಾಜಿನ ಬಾಟಲಿಯ ಹಾಲನ್ನು ಬಿಸಿಲಲ್ಲಿ ಒಂದೆರಡು ಗಂಟೆ ಇಟ್ಟರೆ ಬಹಳಷ್ಟು ನಾಶವಾಗುತ್ತದೆ.

ಕೊರತೆಯ ಗುರುತು ಹೊರಗೇ ಕಾಣಿಸುತ್ತದೆ: ಬಾಯಿಯ ಎರಡು ಮೂಲೆ ಬಿರಿಯುವುದು, ನಾಲಿಗೆ ಕೆಂಪಾಗಿ ಖಾರ ತಾಕಿದರೆ ಉರಿಯುವುದು. ಬಿ ಕಾಂಪ್ಲೆಕ್ಸ್ ಮಾತ್ರೆ ಇದಕ್ಕೆ ಕೆಲಸ ಮಾಡುತ್ತದೆ, ಒಂದೆರಡು ವಾರ ಸಾಕು. ಮಾತ್ರೆ ನುಂಗಿದ ಮೇಲೆ ಮೂತ್ರ ಗಾಢ ಹಳದಿಯಾದರೆ ಹೆದರಬೇಕಿಲ್ಲ. ಅದು ಮೈಗೆ ಬೇಡವಾಗಿ ಆಚೆ ಹೋಗುತ್ತಿರುವ ಬಿ2 ಬಣ್ಣ.

ಎರಡನೆಯದು: ಬಿ12

ರಾಗಿ, ಅಕ್ಕಿ, ಕಾಳು, ಸೊಪ್ಪು, ಹಣ್ಣು ಯಾವುದರಲ್ಲೂ ಬಿ12 ಇಲ್ಲ. ಇಡ್ಲಿ ಹಿಟ್ಟಿನ ಹುದುಗಿನಲ್ಲಿ, ಅಂಬಲಿಯಲ್ಲಿ, ಸ್ಪಿರುಲಿನಾದಲ್ಲಿ ಇದೆ ಎಂಬ ಮಾತನ್ನು ನೆಚ್ಚಬಾರದು. ಸ್ಪಿರುಲಿನಾದಲ್ಲಿ ಇರುವ ಬಹುಪಾಲು ನಮ್ಮ ಮೈಗೆ ಉಪಯೋಗಕ್ಕೆ ಬಾರದ ನಕಲಿ ರೂಪ. ಹಾಲಿನಲ್ಲಿ 100 ಮಿ.ಲೀ.ಗೆ 0.4 ಮೈಕ್ರೋಗ್ರಾಂ ಆಸುಪಾಸು, ಒಂದು ಮೊಟ್ಟೆಯಲ್ಲಿ ಅರ್ಧ ಮೈಕ್ರೋಗ್ರಾಂ. ಕೆರೆ ಮೀನು, ಕುರಿ ಮಾಂಸದಲ್ಲಿ ಇನ್ನೂ ಹೆಚ್ಚು. ಈಲಿಯಲ್ಲಂತೂ 100 ಗ್ರಾಂಗೆ ಹತ್ತಾರು ಮೈಕ್ರೋಗ್ರಾಂ. ಆದರೆ ಅದೇ ಈಲಿಯಲ್ಲಿ ವಿಟಮಿನ್ ಎ ಒಂದು ದಿನಕ್ಕೆ ಬೇಕಾದದ್ದರ ಏಳು ಪಟ್ಟಿನಷ್ಟಿರುವುದರಿಂದ ವಾರಕ್ಕೆ ಮೂರು ನಾಲ್ಕು ಸಲ ತಿನ್ನುವುದು ಬೇಡ, ಬಸುರಿಯರಂತೂ ತಿನ್ನಲೇಬಾರದು.

ಜಿಮ್ಮಿಗೆ ಹೋಗುವ ಹುಡುಗರು ಮೊಟ್ಟೆಯ ಬಿಳಿಯನ್ನಷ್ಟೇ ತಿಂದು ಭಂಡಾರ ಬಿಸಾಡುವುದು ಈಗ ರೂಢಿಯಾಗಿಬಿಟ್ಟಿದೆ. ಮೊಟ್ಟೆಯ ಬಿ12, ಡಿ, ಎ, ಫೋಲೇಟ್ ಹೆಚ್ಚುಕಡಿಮೆ ಎಲ್ಲವೂ ಇರುವುದು ಆ ಹಳದಿಯಲ್ಲೇ. ಆರು ಬಿಳಿ ತಿಂದು ಆರು ಭಂಡಾರ ಎಸೆಯುವ ಬದಲು ಮೂರು ಇಡೀ ಮೊಟ್ಟೆ ತಿನ್ನುವುದು ಲೇಸು. ಹಸಿ ಮೊಟ್ಟೆ ಒಡೆದು ಗುಟುಕರಿಸುವುದೂ ಬೇಡ: ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೊಟೀನು ಬಯೋಟಿನ್ ಎಂಬ ವಿಟಮಿನ್ನನ್ನು ಹಿಡಿದು ಮೈಗೆ ಸೇರದಂತೆ ಮಾಡುತ್ತದೆ, ಬೇಯಿಸಿದರೆ ಆ ಗುಣ ಹೋಗುತ್ತದೆ.

ಬಿ12 ಹೀರಿಕೊಳ್ಳಲು ಜಠರದಲ್ಲಿ ಸ್ರವಿಸುವ ಒಂದು ವಾಹಕ ಬೇಕು. ಅದು ಒಂದು ಊಟಕ್ಕೆ ಒಂದೂವರೆ ಎರಡು ಮೈಕ್ರೋಗ್ರಾಂಗಿಂತ ಹೆಚ್ಚು ಹೊರುವುದಿಲ್ಲ. ಅದನ್ನು ಮೀರಿದ್ದರಲ್ಲಿ ನೂರಕ್ಕೆ ಒಂದು ಪಾಲಷ್ಟೇ ಒಳಗೆ ಜಿನುಗುತ್ತದೆ. 1000 ಮೈಕ್ರೋಗ್ರಾಂ ಮಾತ್ರೆಯಿಂದ ಮೈಗೆ ಸೇರುವುದು ಹತ್ತು ಚಿಲ್ಲರೆ. ಹಾಲನ್ನು ಬೆಳಿಗ್ಗೆ ಒಂದು ಪಾಲು, ರಾತ್ರಿ ಒಂದು ಪಾಲು ಕುಡಿಯಬೇಕೆನ್ನುವುದು ಇದಕ್ಕೇ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಎದೆಯುರಿಗೆ ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಇಳಿಯುತ್ತದೆ. ದಿನಾ ವಾಕಿಂಗ್ ಮಾಡುವ ಐವತ್ತು ದಾಟಿದವರಲ್ಲಿ ಇಂಥವರು ಬಹಳ.

ಮೆಟ್ಟಿಲು ಹತ್ತುವಾಗ ಏದುಸಿರು, ಕೈಕಾಲು ಜೋಮು, ನಾಲಿಗೆ ನುಣುಪಾಗುವುದು, ಕತ್ತಲಲ್ಲಿ ನಡೆದರೆ ತೂಗಾಡಿದಂತಾಗುವುದು ಇದರ ಲಕ್ಷಣ. ರಕ್ತ ಪರೀಕ್ಷೆಯಲ್ಲಿ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ, 200ರಿಂದ 300 ಅನುಮಾನದ ಜಾಗ. ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕು. ಬಿ12 ಕಮ್ಮಿ ಇರುವವರು ಬರೀ ಫೋಲಿಕ್ ಆಸಿಡ್ ಮಾತ್ರೆ ನುಂಗಿದರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಜೋಮು ಇದ್ದವರು ಮಾತ್ರೆಯೋ ಇಂಜೆಕ್ಷನ್ನೋ ಎಂಬುದನ್ನು ವೈದ್ಯರ ಹತ್ತಿರವೇ ತೀರ್ಮಾನಿಸಬೇಕು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಹಾಗಾಗಿ ಒಂದು ಇಂಜೆಕ್ಷನ್ನಿನ ಮಾರನೆಯ ದಿನವೇ ಓಟ ಸುಧಾರಿಸಿತು ಎಂದರೆ ಅದಕ್ಕೆ ಕಾರಣ ಹೊಸ ರಕ್ತ ಅಲ್ಲ. ರಕ್ತ ತುಂಬಲು ಒಂದೂವರೆ ಎರಡು ತಿಂಗಳು, ನರಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕು.

ಪಡಿತರ ಅಕ್ಕಿಯಲ್ಲಿ ಬೆರೆತು ಬಂದ ಸಾರವರ್ಧಿತ ಕಾಳುಗಳನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಬಿಸಾಡಿದವರುಂಟು. ಅವು ಅಕ್ಕಿ ಹಿಟ್ಟಿಗೇ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಕಾಳಿನಾಕಾರಕ್ಕೆ ಒತ್ತಿದವು, ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಬಣ್ಣ ಸ್ವಲ್ಪ ಬೇರೆ, ತೊಳೆಯುವಾಗ ಕೆಲವು ತೇಲುತ್ತವೆ. ಕಿಲೊಗೆ 0.75ರಿಂದ 1.25 ಮೈಕ್ರೋಗ್ರಾಂ ಬಿ12 ಎಂಬುದು ನಿಯಮ. 300 ಗ್ರಾಂ ಅಕ್ಕಿಗೆ ಸಿಗುವುದು 0.2ರಿಂದ 0.4 ಮಾತ್ರ, ಹಾಲಿನ ಜಾಗ ತುಂಬುವಷ್ಟಲ್ಲ. ಆದರೂ ಹಾಲು ಮೊಟ್ಟೆ ಕೊಳ್ಳಲಾಗದ ಮನೆಗೆ ಅದೂ ಒಂದು ಆಸರೆ. ಆರಿಸಿ ಎಸೆಯಬೇಡಿ.

ಬೆಳಗಿನ ಬಿಸಿಲೂ ವಿಟಮಿನ್ ಡಿ ಲೆಕ್ಕವೂ

ಐದೂವರೆಯಿಂದ ಏಳರವರೆಗೆ ಬಯಲಲ್ಲಿ ಓಡುವವರು, ದೇವರಾಯನದುರ್ಗವನ್ನೋ ಅಂತರಗಂಗೆಯನ್ನೋ ಹತ್ತುವವರು, ಬೆಳಗಾಗುವ ಮುಂಚೆ ನಂದಿಗೆ ಸೈಕಲ್ ತುಳಿಯುವವರು ತಮಗೆ ಬಿಸಿಲು ಸಾಕಷ್ಟಿದೆ ಎಂದುಕೊಂಡಿರುತ್ತಾರೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಯುವಿಬಿ ಕಿರಣ ಎಳೆಬಿಸಿಲಿನಲ್ಲಿ ನೆಲಕ್ಕೆ ತಲುಪುವುದೇ ಇಲ್ಲ ಎನ್ನುವಷ್ಟು ಕಮ್ಮಿ. ಅಳತೆಗೆ ಯಂತ್ರ ಬೇಕಿಲ್ಲ, ನೆರಳು ನೋಡಿದರೆ ಸಾಕು: ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಇದ್ದಾಗ ಆ ಕಿರಣ ಸಾಕಷ್ಟಿದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರೂ ಜಿಲ್ಲೆಗಳು ಸಮಭಾಜಕದಿಂದ 13 ಡಿಗ್ರಿ ಆಸುಪಾಸಿನಲ್ಲಿರುವುದರಿಂದ ಡಿಸೆಂಬರಿನಲ್ಲೂ ಮಧ್ಯಾಹ್ನ ನೆರಳು ಗಿಡ್ಡವೇ. ಹನ್ನೊಂದರಿಂದ ಎರಡರ ನಡುವೆ ಮುಖ, ತೋಳು, ಮೊಣಕಾಲ ಕೆಳಗೆ ಬಿಸಿಲು ಬೀಳುವಂತೆ ವಾರಕ್ಕೆ ಮೂರು ನಾಲ್ಕು ದಿನ ಅರ್ಧ ಗಂಟೆ ಇರಬೇಕು. ಕಪ್ಪು ಮೈಬಣ್ಣದವರಿಗೆ ಬಿಳಿ ಚರ್ಮದವರಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಕಿಟಕಿ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಆ ಹೊತ್ತಿಗೆ ಓಡುವುದು ಬೇಡ, ಸುಮ್ಮನೆ ಕೂತರೂ ಆಯಿತು.

ಊಟದಿಂದ ಸಿಗುವ ಡಿ ಬಹಳ ಕಮ್ಮಿ. ಮೊಟ್ಟೆಯ ಒಂದು ಭಂಡಾರಕ್ಕೆ 40 ಐಯು ಆಸುಪಾಸು. ಹಾಲಿನ ಪ್ಯಾಕೆಟ್ ಮೇಲೆ ನೀಲಿ ಬಣ್ಣದ ಎಫ್ ಗುರುತು ಇದ್ದರೆ ಅದು ಎ ಮತ್ತು ಡಿ ಸೇರಿಸಿದ ಹಾಲು, ನಿಯಮದ ಪ್ರಕಾರ ಲೀಟರಿಗೆ 200ರಿಂದ 300 ಐಯು. ಅರ್ಧ ಲೀಟರಿಗೆ ಹೆಚ್ಚೆಂದರೆ 150, ಬೇಕಾದದ್ದರ ಕಾಲು ಭಾಗ.

ಮೊಣಕಾಲ ಕೆಳಗಿನ ಮೂಳೆ ನೋವು, ಮೆಟ್ಟಿಲೇರುವಾಗ ತೊಡೆ ಸೋಲುವುದು, ಮತ್ತೆ ಮತ್ತೆ ಮೂಳೆಯಲ್ಲಿ ಸೀಳು ಇದ್ದರೆ 25-ಹೈಡ್ರಾಕ್ಸಿ ವಿಟಮಿನ್ ಡಿ ಪರೀಕ್ಷೆ ಮಾಡಿಸಬೇಕು. 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ವೈದ್ಯರು ಸಾಮಾನ್ಯವಾಗಿ 60,000 ಐಯು ಪುಡಿಯನ್ನೋ ಕ್ಯಾಪ್ಸೂಲನ್ನೋ ವಾರಕ್ಕೊಂದರಂತೆ ಎಂಟು ವಾರ ಬರೆದುಕೊಡುತ್ತಾರೆ. ಅದನ್ನು ಜಿಡ್ಡಿರುವ ಊಟದ ಜೊತೆ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಹೀರುವುದಿಲ್ಲ. ತಪ್ಪಾಗುವುದು ಎರಡು ಕಡೆ: ವಾರಕ್ಕೊಂದು ಎಂದದ್ದನ್ನು ದಿನಕ್ಕೊಂದು ಎಂದುಕೊಳ್ಳುವುದು, ಎಂಟು ವಾರ ಮುಗಿದರೂ ಹಳೆ ಚೀಟಿ ತೋರಿಸಿ ವರ್ಷಗಟ್ಟಲೆ ಮುಂದುವರಿಸುವುದು. ಡಿ ಕೊಬ್ಬಿನಲ್ಲಿ ಶೇಖರವಾಗುತ್ತದೆ, ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮೂತ್ರಪಿಂಡಕ್ಕೆ ಹಾನಿ. ಮೂರು ತಿಂಗಳಿಗೆ ಮತ್ತೆ ಪರೀಕ್ಷಿಸಿ ನಿಲ್ಲಿಸಬೇಕು.

ಹೆಚ್ಚಾದರೆ ತರಬೇತಿಗೇ ಅಡ್ಡಿ

ಸಿ ಮತ್ತು ಇ ವಿಟಮಿನ್ ಮಾತ್ರೆಗಳನ್ನು ಸ್ನಾಯು ನೋವಿಗೆಂದು, ಬೇಗ ಚೇತರಿಸಲೆಂದು ನುಂಗುವವರಿದ್ದಾರೆ. 2009ರಲ್ಲಿ ಜರ್ಮನಿಯ ಸಂಶೋಧಕರು ನಾಲ್ಕು ವಾರ ವ್ಯಾಯಾಮ ಮಾಡಿದ ಯುವಕರಲ್ಲಿ ಕೆಲವರಿಗೆ ದಿನಾ 1000 ಮಿ.ಗ್ರಾಂ ಸಿ ಮತ್ತು 400 ಐಯು ಇ ಕೊಟ್ಟರು. ಮಾತ್ರೆ ತೆಗೆದುಕೊಳ್ಳದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು, ತೆಗೆದುಕೊಂಡವರಲ್ಲಿ ಆ ಲಾಭ ಕಾಣಲಿಲ್ಲ. 2014ರಲ್ಲಿ ನಾರ್ವೆಯಲ್ಲಿ ನಡೆದ 11 ವಾರಗಳ ಅಧ್ಯಯನದಲ್ಲೂ ಸ್ನಾಯುಕೋಶಗಳು ಸಹನಶಕ್ತಿ ಬೆಳೆಸಿಕೊಳ್ಳುವ ಗುರುತುಗಳು ಮಾತ್ರೆಯವರಲ್ಲಿ ಮಂಕಾಗಿದ್ದವು, ಆದರೆ ಓಟದ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ದಣಿದಾಗ ಹುಟ್ಟುವ ಆಮ್ಲಜನಕದ ತುಂಟ ಅಣುಗಳೇ ಸ್ನಾಯುವಿಗೆ ಇನ್ನಷ್ಟು ಬಲಿಯಬೇಕೆಂಬ ಸೂಚನೆ ಕೊಡುವುದು. ದೊಡ್ಡ ಪ್ರಮಾಣದ ಮಾತ್ರೆ ಆ ಸೂಚನೆಯನ್ನು ಅಡಗಿಸುತ್ತದೆ. ಹಣ್ಣಿನಿಂದ ಬರುವ ಸಿ ಬಗ್ಗೆ ಈ ಭಯ ಬೇಡ. 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿ.ಗ್ರಾಂ ಇದೆ, ಗಂಡಸಿಗೆ ಎರಡೂವರೆ ದಿನಕ್ಕಾಗುವಷ್ಟು. ನೆಲ್ಲಿಕಾಯಿಯಲ್ಲಿ ಅದಕ್ಕೂ ಹೆಚ್ಚು. ಒಂದು ವಿನಾಯಿತಿ ಮಾತ್ರ ಹೇಳಬೇಕು: ಮ್ಯಾರಥಾನ್ ಓಟಗಾರರು, ಕೊರೆಯುವ ಚಳಿಯಲ್ಲಿ ತರಬೇತಿ ಪಡೆದ ಸೈನಿಕರು ಹೀಗೆ ವಿಪರೀತ ಶ್ರಮದವರಲ್ಲಿ ನಿತ್ಯ ವಿಟಮಿನ್ ಸಿ ತೆಗೆದುಕೊಂಡಾಗ ನೆಗಡಿ ಅರ್ಧಕ್ಕರ್ಧ ಕಮ್ಮಿಯಾದದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ. ದಿನಾ ಮುಕ್ಕಾಲು ಗಂಟೆ ಜಿಮ್ಮಿನಲ್ಲಿರುವವರಿಗೆ ಅದು ಅನ್ವಯಿಸುವುದಿಲ್ಲ.

ನರಕ್ಕೆಂದು ಕೊಡುವ ಕೆಲವು ಮಾತ್ರೆಗಳಲ್ಲಿ ಬಿ6 ಹೆಚ್ಚಿರುತ್ತದೆ. ತಿಂಗಳುಗಟ್ಟಲೆ ನುಂಗಿದರೆ ಅದೇ ಜೋಮಿಗೆ ಕಾರಣವಾಗಬಲ್ಲದು. ಅಮೆರಿಕದ ಮೇಲ್ಮಿತಿ ದಿನಕ್ಕೆ 100 ಮಿ.ಗ್ರಾಂ, ಯುರೋಪಿನವರು 2023ರಲ್ಲಿ ಅದನ್ನು 12ಕ್ಕೆ ಇಳಿಸಿದರು. ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪೌಡರಿನಿಂದ ಮುಖ ಕೆಂಪೇರಿ ಮೈ ಚುರುಗುಟ್ಟಿದರೆ ಅದು ಶಕ್ತಿ ಬಂದ ಲಕ್ಷಣ ಅಲ್ಲ, ಹೆಚ್ಚು ನಯಾಸಿನ್ ರಕ್ತನಾಳ ಹಿಗ್ಗಿಸಿರಬಹುದು. ಕೂದಲಿಗೆಂದು ಬಯೋಟಿನ್ ತಿನ್ನುವವರು ಥೈರಾಯ್ಡ್ ಅಥವಾ ಹೃದಯದ ರಕ್ತ ಪರೀಕ್ಷೆಗೆ ಮುಂಚೆ ಲ್ಯಾಬಿನಲ್ಲಿ ಹೇಳಲೇಬೇಕು, ಫಲಿತಾಂಶ ತಪ್ಪಾಗಿ ಬರುತ್ತದೆ.

ಕಬ್ಬಿಣ, ಮತ್ತು ಕೊಳವೆಬಾವಿಯ ನೀರು

ಕಬ್ಬಿಣ ವಿಟಮಿನ್ ಅಲ್ಲ, ಆದರೆ ಅದನ್ನು ಬಿಟ್ಟು ಈ ಲೆಕ್ಕ ಪೂರ್ತಿಯಾಗುವುದಿಲ್ಲ. ಗಂಡಸರಿಗೆ ದಿನಕ್ಕೆ 19 ಮಿ.ಗ್ರಾಂ, ಹೆಂಗಸರಿಗೆ 29. ರಾಗಿಯ ಕಬ್ಬಿಣವನ್ನು ಅದರದೇ ಫೈಟೇಟ್, ಟ್ಯಾನಿನ್‌ಗಳು ಹಿಡಿದಿಟ್ಟಿರುತ್ತವೆ. ಅದೇ ಊಟದಲ್ಲಿ 50 ಮಿ.ಗ್ರಾಂ ವಿಟಮಿನ್ ಸಿ ಇದ್ದರೆ ಹೀರಿಕೆ ಎರಡು ಮೂರು ಪಟ್ಟು ಏರಬಲ್ಲದು. ಮುದ್ದೆಯ ಜೊತೆ ಒಂದು ಹಸಿ ನೆಲ್ಲಿಕಾಯಿ, ಇಲ್ಲವೇ ಊಟವಾದ ಕೂಡಲೇ ಅರ್ಧ ಸೀಬೆಹಣ್ಣು ಅಂದರೆ ಆಯಿತು. ಟೀ, ಕಾಫಿ ಒಂದು ಗಂಟೆ ಬಿಟ್ಟು. ಕಠಿಣ ಓಟದ ಮೂರರಿಂದ ಆರು ಗಂಟೆ ನಂತರ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಕಬ್ಬಿಣದ ಹೀರಿಕೆ ಕುಗ್ಗುವುದರಿಂದ, ಕಬ್ಬಿಣದ ಮಾತ್ರೆ ಇದ್ದವರು ಓಟ ಮುಗಿದ ಅರ್ಧ ಗಂಟೆಯೊಳಗೆ ತೆಗೆದುಕೊಳ್ಳುವುದು ಒಳ್ಳೆಯದು. ಕಬಡ್ಡಿ ಆಡುವ, ಓಡುವ ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ ನೋಡಿಸಬೇಕು. ಹಿಮೋಗ್ಲೋಬಿನ್ 12 ಇದ್ದೂ ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಉಗ್ರಾಣ ಬರಿದಾಗಿದೆ ಎಂದರ್ಥ.

ಕೊನೆಗೆ, ನಮ್ಮ ನೆಲದ್ದೇ ಆದ ಒಂದು ಗೊಂದಲ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಲೀಟರಿಗೆ 1 ಮಿ.ಗ್ರಾಂ ಮಿತಿ, ಬೇರೆ ನೀರು ಇಲ್ಲದಿದ್ದರೆ ಮಾತ್ರ 1.5. ಲೀಟರಿಗೆ 2 ಮಿ.ಗ್ರಾಂ ಇರುವ ನೀರನ್ನು ನೆರಳಲ್ಲಿ ಕೂತವನು ಎರಡು ಲೀಟರ್ ಕುಡಿದರೆ 4 ಮಿ.ಗ್ರಾಂ ಸೇರುತ್ತದೆ, ಬೇಸಿಗೆಯಲ್ಲಿ ಹೊಲದಲ್ಲಿ ಐದು ಲೀಟರ್ ಕುಡಿಯುವವನಿಗೆ 10. ಹೆಚ್ಚು ದುಡಿದವನಿಗೇ ಹೆಚ್ಚು ವಿಷ. ಸೊಂಟ, ಕುತ್ತಿಗೆ ಬಿಗಿತ, ಕೀಲು ನೋವು, ಹಲ್ಲಿನ ಮೇಲೆ ಕಂದು ಪಟ್ಟೆ ಇದ್ದು ವಿಟಮಿನ್ ಡಿ ಕೊಟ್ಟರೂ ನೋವು ಇಳಿಯದಿದ್ದರೆ ಕುಡಿಯುವ ನೀರನ್ನು ಅನುಮಾನಿಸಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಾಢವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರೋ ಶೇಖರಿಸಿದ ಮಳೆನೀರೋ ಆಗಬೇಕು, ಹೊಲಕ್ಕೆ ಒಯ್ಯುವ ಕ್ಯಾನೂ ಅದೇ ನೀರಿನದಾಗಿರಬೇಕು. ತೊಳೆದ ಬಾಟಲಿಯಲ್ಲಿ ಒಂದು ಲೀಟರ್ ನೀರು ಹಿಡಿದು ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ಪರೀಕ್ಷೆಗೆ ಕಳಿಸುವ ವ್ಯವಸ್ಥೆ ಇದೆ. ಬಾಟಲಿಯ ಮೇಲೆ ಯಾವ ಬಾವಿ, ಯಾವ ತಾರೀಕು ಎಂದು ಬರೆದಿರಬೇಕು. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯ ಕೊನೆಯಲ್ಲಿ ಒಮ್ಮೆ ಪರೀಕ್ಷಿಸಿದರೆ ನೀರಿನ ಮಟ್ಟ ಇಳಿದಾಗ ಪ್ರಮಾಣ ಎಷ್ಟು ಏರುತ್ತದೆ ಎಂಬುದೂ ತಿಳಿಯುತ್ತದೆ.